ಅತ್ತೆ ಕಿಟಕಿ, ಸೊಸೆ ಕಿಟಕಿ

ಸೋಮವಾರ, ಮಾರ್ಚ್ 3

ಬಾಯಲ್ಲಿ ಬೈದರೆ ಮನೆ ಮುರಿಯುತ್ತದೆ. ಅದಕ್ಕೇ ಇವತ್ತಿನಿಂದ ಇಲ್ಲಿ ಬರೆದು ಬೈಯುತ್ತೇನೆ. ಕಾಗದ ಯಾರ ಹತ್ತಿರವೂ ಹೋಗಿ ಚಾಡಿ ಹೇಳುವುದಿಲ್ಲ.

ಮಗ ಇವತ್ತು ತನ್ನ ಹೆಂಡತಿಯನ್ನು ಅಂಗಡಿಗೆ ಕರೆದುಕೊಂಡು ಬಂದು ನನ್ನ ಮೇಜಿನ ಪಕ್ಕ ಇನ್ನೊಂದು ಕುರ್ಚಿ ಹಾಕಿಸಿದ. "ಅಮ್ಮ, ನಿನಗೂ ವಯಸ್ಸಾಯ್ತು. ಈ ತಿಂಗಳು ಇವಳಿಗೆ ಕೆಲಸ ಹೇಳ್ಕೊಡು. ಆಮೇಲೆ ನೀನು ಮನೇಲಿ ಆರಾಮಾಗಿರು" ಎಂದ. ಆರಾಮಂತೆ ಆರಾಮು! ಅವನ ಅಪ್ಪ ಹಲ್ಲಿನ ಸೆಟ್ಟು ಮಾಡುವ ಈ ಅಂಗಡಿ ತೆರೆದಾಗಿನಿಂದ ಈ ಮೇಜಿನ ಹಿಂದೆ ಕೂತವಳು ನಾನು. ಅವರು ಹೋದ ಮೇಲೂ ನಾನೇ. ಒಳಗೆ ಮಗ ಪ್ಲಾಸ್ಟರು ಕಲಸಿ, ಮೇಣ ಕರಗಿಸಿ, ಹಲ್ಲು ಕೂರಿಸುತ್ತಾನೆ. ಯಾರ ಬಾಯಿಗೆ ಯಾವ ಹಲ್ಲು ಎಂದು ಕಂಪ್ಯೂಟರಿಗೆ ಹಾಕಿ, ಅವನ ಕೈಗೆ ಚೀಟಿ ಪ್ರಿಂಟು ಕೊಡುವವಳು ನಾನು. ಇದುವರೆಗೆ ಒಬ್ಬರ ಹಲ್ಲು ಇನ್ನೊಬ್ಬರ ಬಾಯಿಗೆ ಹೋದದ್ದಿಲ್ಲ.

"ಹೇಳ್ಕೊಡ್ತೀನಿ ಬಿಡು" ಎಂದೆ. ಹೇಳಿಕೊಡುತ್ತೇನೆ, ಆದರೆ ಎಲ್ಲವನ್ನೂ ಅಲ್ಲ. ಎಲ್ಲ ಹೇಳಿಕೊಟ್ಟ ದಿನ ನನ್ನ ಕುರ್ಚಿ ಹೋಯಿತು ಎಂದೇ ಲೆಕ್ಕ. ಒಂದು ಒರೆಯಲ್ಲಿ ಎರಡು ಕತ್ತಿ ಹಿಡಿಯುವುದಿಲ್ಲ. ತಿಂಗಳ ಕೊನೆಗೆ ಯಾವ ಕತ್ತಿ ಹೊರಗೆ ಬೀಳುತ್ತದೋ ನೋಡೋಣ.

ಮಂಗಳವಾರ, ಮಾರ್ಚ್ 4

ನಮ್ಮ ಕಂಪ್ಯೂಟರಿನಲ್ಲಿ ಎರಡು ಕಿಟಕಿಗಳಿವೆ. ಮೇಲಿನದರಲ್ಲಿ ಗಿರಾಕಿಯ ಹೆಸರು, ವಯಸ್ಸು, ಕಳಿಸಿದ ಡಾಕ್ಟರು. ಅಲ್ಲಿರುವ ಗುಂಡಿ ಒತ್ತಿದರೆ ಕೆಳಗಿನ ಕಿಟಕಿ ತೆರೆಯುತ್ತದೆ. ಅದರಲ್ಲಿ ಆ ಗಿರಾಕಿಯ ಹಲ್ಲಿನ ಬಣ್ಣ, ಆಕಾರ, ಮಗನಿಗೆ ಸೂಚನೆ. ಇದನ್ನು ಮಾಡಿಕೊಟ್ಟ ಪುಣ್ಯಾತ್ಮ ಮೇಲಿನದನ್ನು ಅತ್ತೆ, ಕೆಳಗಿನದನ್ನು ಸೊಸೆ ಎಂದು ಕರೆಯುತ್ತಿದ್ದ. ಆ ಹೆಸರೇ ನಿಂತಿತು.

"ಸೊಸೆ ಯಾಕತ್ತೆ ಕೆಳಗೇ ಇರ್ಬೇಕು?" ಎಂದು ಕೇಳಿದಳು ಮಹಾರಾಯಿತಿ, ಎರಡನೆಯ ದಿನಕ್ಕೇ.

"ಕೆಳಗಿದ್ರೆ ಬೀಳೋ ಭಯ ಇಲ್ಲ" ಎಂದೆ.

ನಕ್ಕಳು. ನಗುವಂಥದ್ದೇನಿತ್ತು ಅದರಲ್ಲಿ?

ಈ ಕಿಟಕಿಗಳಲ್ಲಿ ಒಂದು ಐಬಿದೆ. ಮೇಲೆ ಒಬ್ಬ ಗಿರಾಕಿಯಿಂದ ಇನ್ನೊಬ್ಬರಿಗೆ ಹೋದರೆ ಕೆಳಗಿನದು ಜೊತೆಗೆ ಬರುವುದಿಲ್ಲ. ಹಿಂದಿನವರ ಹಲ್ಲನ್ನೇ ತೆರೆದುಕೊಂಡು ಗರ ಬಡಿದ ಹಾಗೆ ಕೂತಿರುತ್ತದೆ. ಮತ್ತೆ ಗುಂಡಿ ಒತ್ತಿದರೆ ಮಾತ್ರ ಹೊಸಬರದು ಬರುತ್ತದೆ. ಒತ್ತದೆ ಟೈಪ್ ಮಾಡಿದರೆ ಇವರ ಸೂಚನೆ ಹೋಗಿ ಅವರ ಖಾತೆಯಲ್ಲಿ ಕೂರುತ್ತದೆ, ಮೇಲಾಗಿ ಕೆಳಗಿನ ಕಿಟಕಿಯಲ್ಲಿ ಯಾರದೆಂದು ಹೆಸರೂ ಇಲ್ಲ. ನನ್ನ ಬೆರಳಿಗೆ ಅದು ಅಭ್ಯಾಸವಾಗಿಹೋಗಿದೆ, ಮೇಲೆ ಕದಲಿದ ತಕ್ಷಣ ತಾನಾಗಿಯೇ ಗುಂಡಿಗೆ ಹೋಗುತ್ತದೆ.

ಅವಳಿಗೆ ಇದನ್ನು ಹೇಳಲಿಲ್ಲ. ಮರೆತು ಬಿಟ್ಟದ್ದಲ್ಲ.

ಶುಕ್ರವಾರ, ಮಾರ್ಚ್ 7

ಆಗಲಿ ಎಂದುಕೊಂಡದ್ದು ಇಷ್ಟು ಬೇಗ ಆಗುತ್ತದೆ ಎಂದುಕೊಂಡಿರಲಿಲ್ಲ.

ನಮಗೆ ಅರ್ಧ ಕೆಲಸ ಕೊಡುವ ಹಲ್ಲಿನ ಡಾಕ್ಟರು ಇವತ್ತು ಇಬ್ಬರ ಅಚ್ಚು ಕಳಿಸಿದರು. ಒಬ್ಬರು ನಿವೃತ್ತ ಹೆಡ್ ಮೇಡಂ. ಅವರಿಗೆ ಮುಂದಿನ ಎರಡು ಹಲ್ಲುಗಳ ಮಧ್ಯೆ ಸಂದಿತ್ತಂತೆ. ಚಿಕ್ಕಂದಿನಿಂದ ಆ ಸಂದಿಯನ್ನು ಕಂಡರಾಗುತ್ತಿರಲಿಲ್ಲವಂತೆ, ಹೊಸ ಸೆಟ್ಟಿನಲ್ಲಿ ಅದು ಮುಚ್ಚಿರಬೇಕು, ಬಣ್ಣ ಬೆಳ್ಳಗಿರಬೇಕು. ಇನ್ನೊಬ್ಬರು ನಿವೃತ್ತ ಬಸ್ ಕಂಡಕ್ಟರು. ಅವರಿಗೂ ಸಂದಿತ್ತು, ಆದರೆ ಅವರು ಜೀವನವಿಡೀ ಅದರಲ್ಲೇ ಸಿಳ್ಳೆ ಹೊಡೆದು ಬಸ್ ನಿಲ್ಲಿಸಿದವರು. ಸಂದಿ ಬಿಡಲೇಬೇಕು, ಬಣ್ಣ ಹೊಗೆಸೊಪ್ಪಿನ ಹಳದಿ, ಇಲ್ಲದಿದ್ದರೆ ಮನೆಯವರು ಗುರುತು ಹಿಡಿಯುವುದಿಲ್ಲ ಎಂದು ಡಾಕ್ಟರ ಹತ್ತಿರ ಹಟ ಹಿಡಿದಿದ್ದರಂತೆ.

ಮಹಾರಾಯಿತಿ ಮೇಡಮ್ಮಿನದು ಸರಿಯಾಗಿಯೇ ಹಾಕಿದಳು. ಆಮೇಲೆ ಮೇಲೆ ಕಂಡಕ್ಟರಿಗೆ ಹೋದಳು, ಗುಂಡಿ ಒತ್ತಲಿಲ್ಲ, ಕೆಳಗೆ ಹೊಸ ಸಾಲು ತೆಗೆದು ಟಕಟಕ ಎಂದು ಸಂದಿ, ಹಳದಿ ಎಲ್ಲ ತುಂಬಿಬಿಟ್ಟಳು. ಮೇಡಮ್ಮಿನ ಖಾತೆಗೆ! ಚೀಟಿಯಲ್ಲಿ ಪ್ರಿಂಟಾಗುವುದು ಕೊನೆಯ ಸಾಲು ಮಾತ್ರ.

ನಾನು ಪಕ್ಕದಲ್ಲೇ ಇದ್ದೆ, ನೋಡಿದೆ. ಟೀ ಲೋಟ ತೊಳೆಯಲು ಎದ್ದು ಹೋದೆ.

ಯಾರಿಗೂ ನಷ್ಟವಿಲ್ಲ. ಮೊದಲು ಮೇಣದಲ್ಲಿ ಹಲ್ಲು ಕೂರಿಸಿ ಬಾಯಿಗಿಟ್ಟು ನೋಡುತ್ತಾರೆ, ಆ ಟ್ರಯಲ್ಲಿನಲ್ಲಿ ಸಿಕ್ಕಿಬೀಳುತ್ತದೆ. ಹೋಗುವುದು ಅವಳ ಮಾನ ಮಾತ್ರ. ಸ್ವಲ್ಪ ಹೋಗಲಿ, ಜಾಸ್ತಿ ಇದೆ.

ಮಂಗಳವಾರ, ಮಾರ್ಚ್ 11

ಮಗ ಒಳಗಿನಿಂದ ಕೂಗಿದ: "ಕಂಡಕ್ಟರ್ ಚೀಟಿ ಖಾಲಿ ಬಂದಿದೆಯಲ್ಲಾ?"

"ಅಯ್ಯೋ, ಟೈಪ್ ಮಾಡಿದ್ದೆನಲ್ಲ!" ಎಂದು ಇವಳು ಹುಬ್ಬು ಗಂಟಿಕ್ಕಿ ಪರದೆ ನೋಡಿದಳು. "ಸೇವ್ ಆಗ್ಲಿಲ್ವೇನೋ. ಅಲ್ವಾ ಅತ್ತೆ?"

"ಇರಬಹುದು" ಎಂದೆ. ಕಂಡಕ್ಟರ ಹೆಸರನ್ನು ಹೊಸದಾಗಿ ತೆರೆದು, ಗುಂಡಿ ಒತ್ತಿ ಮತ್ತೆ ಹಾಕಿದಳು, ಈ ಸಲ ಸರಿಯಾದ ಕಡೆಗೇ ಹೋಯಿತು.

ಮಧ್ಯಾಹ್ನ ಡಾಕ್ಟರು ಫೋನ್ ಮಾಡಿದರು. ಅವರು ಕುಟುಂಬ ಸಮೇತ ಪ್ರವಾಸ ಹೋಗುವವರಂತೆ, ಹೊರಡುವ ಮೊದಲು ಕೆಲಸ ಮುಗಿಯಬೇಕಂತೆ. ಮೇಣದ ಟ್ರಯಲ್ ಬೇಡ, ಇಬ್ಬರದ್ದೂ ನೇರವಾಗಿ ಪೂರಾ ಸೆಟ್ಟು ಮಾಡಿ ಎಂದರು. ಫೋನು ಎತ್ತಿದವಳು ನಾನೇ. ಆಗಲಿ ಡಾಕ್ಟರೇ ಎಂದು ಮಗನಿಗೆ ತಿಳಿಸಿದವಳೂ ನಾನೇ.

ಈಗ ಬಾಯಿ ಬಿಟ್ಟರೆ ಶುಕ್ರವಾರ ಯಾಕೆ ಬಿಡಲಿಲ್ಲ ಎಂದು ಕೇಳುತ್ತಾನೆ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡ ಹಾಗಾಗಿದೆ. ಎಲ್ಲ ಅವಳಿಂದಲೇ.

ಗುರುವಾರ, ಮಾರ್ಚ್ 13

ಗಂಡ ಹೆಂಡತಿ ಒಂದೇ ಡಬ್ಬಿಯಿಂದ ಊಟ ಮಾಡಿದರು, ಪ್ಲಾಸ್ಟರಿನ ಧೂಳಿನ ಮಧ್ಯೆ ಹಲ್ಲು ಕಿರಿಯುತ್ತಾ. ನಾನು ನನ್ನ ಡಬ್ಬಿ ಮುಚ್ಚಿಟ್ಟು ಮನೆಗೆ ತಂದೆ. ಯಾರೂ ಕೇಳಲಿಲ್ಲ.

ಮಂಗಳವಾರ, ಮಾರ್ಚ್ 18

ಇವತ್ತಿನ ಅವಮಾನ ಸಾಯುವ ತನಕ ಸಾಕು.

ಇವಳು ಮನೆಯಲ್ಲಿ ಕೂತು ಏನೇನೋ ಓದಿಕೊಂಡು ಬಂದು ಅತ್ತೆ ಕಿಟಕಿಯ ನೆತ್ತಿಯ ಮೇಲೆ ಒಂದು ಚೌಕ ಕೂರಿಸಿದ್ದಳು. ಅದರಲ್ಲಿ ಒಬ್ಬ ಡಾಕ್ಟರನ್ನು ಆರಿಸಿದರೆ ಅವರ ಗಿರಾಕಿಗಳು ಮಾತ್ರ ಕಾಣುತ್ತಾರೆ, ಬಾಕಿ ಎಂದು ಆರಿಸಿದರೆ ಬಾಕಿ ಕೆಲಸ ಮಾತ್ರ. ಫಿಲ್ಟರ್ ಅಂತೆ. ನಾನು ಇಷ್ಟು ವರ್ಷ ತಲೆಯಲ್ಲೇ ಮಾಡುತ್ತಿದ್ದ ಕೆಲಸಕ್ಕೆ ಒಂದು ಹೆಸರು ಬೇರೆ.

ಅವಳು ಅಂಚೆಗೆ ಹೋಗಿದ್ದಾಗ ಅದರ ಮೇಲೆ ಎರಡು ಸಲ ಒತ್ತಿ ನೋಡಿದೆ. ಆಮೇಲೆ ನೋಡುತ್ತೇನೆ, ಇಡೀ ಅಂಗಡಿಯಲ್ಲಿ ಮೂರೇ ಮೂರು ಗಿರಾಕಿ! ಉಳಿದ ಬಾಯಿಗಳೆಲ್ಲ ಮಾಯ! ನನ್ನ ಗಂಡನ ಕಾಲದ ಹೆಸರುಗಳೂ ಇಲ್ಲ. ಅವಳು ಬಾಗಿಲಿಗೆ ಬರುವುದಕ್ಕೇ ಕಾದಿದ್ದೆ.

"ಎಲ್ಲ ಅಳಿಸಿ ಹಾಕಿದಳು ಮನೆಹಾಳಿ! ಬಾರೋ ಇಲ್ಲಿ, ನೋಡು ನಿನ್ನ ಹೆಂಡ್ತಿ ಮಾಡಿರೋ ಘನಂದಾರಿ ಕೆಲಸ!" ಎಂದು ಕಿರುಚಿದೆ. ಮಗ ಕೈಯ ಪ್ಲಾಸ್ಟರನ್ನೂ ತೊಳೆಯದೆ ಓಡಿ ಬಂದ. ಹಲ್ಲು ರಿಪೇರಿಗೆ ಬಂದ ಇಬ್ಬರು ಬೆಂಚಿನ ಮೇಲೆ ಬೊಚ್ಚುಬಾಯಿ ತೆರೆದು ಕೂತಿದ್ದರು.

ಅವಳು ಪರದೆ ನೋಡಿದಳು, ನನ್ನನ್ನು ನೋಡಿದಳು. "ಹೌದು, ನಾನೇ ಏನೋ ಒತ್ತಿಬಿಟ್ಟು ಹೋಗಿದ್ದೆ. ಒಂದ್ನಿಮಿಷ" ಎಂದಳು. ಎರಡು ಸಲ ಟಕ್ ಟಕ್. ಎಲ್ಲರೂ ವಾಪಸು ಬಂದರು. ಮಗ ಎಲ್ಲರ ಮುಂದೆ ಅವಳಿಗೆ ಬೈದ: "ಗೊತ್ತಿಲ್ಲದ್ದಕ್ಕೆ ಯಾಕೆ ಕೈ ಹಾಕ್ತೀಯ?"

ಅವನು ಒಳಗೆ ಹೋದ ಮೇಲೆ ತಗ್ಗಿದ ದನಿಯಲ್ಲಿ ಹೇಳಿದಳು: "ಅತ್ತೆ, ಈ ಆಲಿಕೆ ಚಿತ್ರ ನೋಡಿ. ಇದು ಹೊಳೀತಿದ್ರೆ ಫಿಲ್ಟರ್ ಹಾಕಿದೆ ಅಂತ. ಯಾರೂ ಎಲ್ಲೂ ಹೋಗಿರಲ್ಲ, ಕಾಣ್ತಿರಲ್ಲ ಅಷ್ಟೇ."

ಇವಳ ಉಪಕಾರ ಯಾರಿಗೆ ಬೇಕಾಗಿತ್ತು? ನನ್ನ ತಪ್ಪು ಹೊತ್ತುಕೊಂಡು ನನ್ನನ್ನು ಸಾಲಗಾತಿ ಮಾಡುವ ಹುನ್ನಾರ. ನನಗೆ ಇಂಥದ್ದೆಲ್ಲ ಅರ್ಥವಾಗುತ್ತದೆ.

ಬುಧವಾರ, ಮಾರ್ಚ್ 19

ತಡೆಯಲಾರದೆ ಕೇಳಿಯೇಬಿಟ್ಟೆ. "ನಿನ್ನೆ ಯಾಕೆ ಬೈಸಿಕೊಂಡೆ?"

"ನಿಮ್ಮನ್ನ ಬೈದ್ರೆ ನೀವು ಊಟ ಬಿಡ್ತೀರಿ ಅತ್ತೆ. ನನ್ನ ಬೈದ್ರೂ ನಾನು ತಿಂತೀನಿ."

ಅಧಿಕಪ್ರಸಂಗಿ. ಡಬ್ಬಿ ವಾಪಸು ತಂದದ್ದು ನೋಡಿದ್ದಾಳೆ ಹಾಗಾದರೆ.

ಶುಕ್ರವಾರ, ಮಾರ್ಚ್ 21

ಬೆಳಿಗ್ಗೆ ಬಂದವಳೇ ಬ್ಯಾಗೂ ಇಳಿಸದೆ, "ಅತ್ತೆ, ಬನ್ನಿ ಬನ್ನಿ, ಒಂದು ತಮಾಷೆ ನೋಡಿ" ಎಂದಳು. ಮೇಲೆ ಒಬ್ಬರಿಂದ ಇನ್ನೊಬ್ಬರಿಗೆ ಹೋದಳು. ಕೆಳಗಿನ ಕಿಟಕಿಯೂ ತಾನಾಗಿ ಹೋಯಿತು. ಹಿಂದಕ್ಕೆ ಬಂದಳು, ಅದೂ ಬಂತು. ಕೆಳಗಿನದರ ಹಣೆಯ ಮೇಲೆ ಗಿರಾಕಿಯ ಹೆಸರನ್ನೂ ಬರೆಸಿದ್ದಾಳೆ.

"ಇನ್ಮೇಲೆ ಅತ್ತೆ ಎಲ್ಲಿಗೆ ಹೋದ್ರೂ ಸೊಸೆ ಜೊತೆಗೇ ಬರ್ತಾಳೆ. ಗುಂಡಿ ಒತ್ತೋದೇ ಬೇಡ."

ಆಮೇಲೆ ನಗು ನಿಂತಿತು. "ಅಂದ್ರೆ ಮೊದಲು ಬರ್ತಿರಲಿಲ್ಲ. ಅವತ್ತು ಕಂಡಕ್ಟರ್ ಸಾಲು ಎಲ್ಲಿಗೆ ಹೋಯ್ತು ಹಾಗಾದ್ರೆ?" ಮೇಡಮ್ಮಿನ ಹೆಸರಿಗೆ ಹೋದಳು. ಎರಡು ಸಾಲು. ಸಂದಿ ಮುಚ್ಚಿ, ಬೆಳ್ಳಗೆ. ಅದರ ಕೆಳಗೆ, ಸಂದಿ ಬಿಡಿ, ಹಳದಿ.

"ನಿಮಗೆ ಗೊತ್ತಿತ್ತಾ ಅತ್ತೆ, ಅದು ಹಿಂದೆ ಬರಲ್ಲ ಅಂತ?"

"ನನಗೇನು ಗೊತ್ತು? ನಾನೇನು ಇಂಜಿನಿಯರಾ? ಏನು ಅಂತ ಕೇಳ್ತೀಯ ನನ್ನ?" ಎಂದು ಹರಿಹಾಯ್ದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ ಆಯಿತೇನೋ. ಅವಳು ಆಗಲೇ ಡಾಕ್ಟರ ಕ್ಲಿನಿಕ್ಕಿಗೆ ಫೋನು ಹಚ್ಚಿದ್ದಳು. ಮೇಡಮ್ಮಿಗೆ ಹಲ್ಲು ಹಾಕಿ ನಿನ್ನೆಯೇ ಕಳಿಸಿಯಾಯಿತು, ಡಾಕ್ಟರು ಪ್ರವಾಸಕ್ಕೆ ಹೊರಟರು, ಸೋಮವಾರ ಬರುತ್ತಾರೆ ಎಂದರು ಅಲ್ಲಿನವರು.

"ಇವರಿಗೆ ಹೇಳ್ಬಿಡ್ತೀನಿ ಈಗಲೇ" ಎಂದು ಎದ್ದಳು.

"ಕೂತ್ಕೋ ಸುಮ್ನೆ. ಅವನ ಕೈಲಿ ಬಿಸಿ ಮೇಣ ಇದೆ. ಬಾಯಿ ಬಿಡಬೇಡ" ಎಂದೆ. ಅಂಗಡಿಯ ಹೆಸರು ಕೆಡಬಾರದಲ್ಲ, ಅದಕ್ಕೆ ಹೇಳಿದ್ದು.

ಹುಡುಗಿ ಮಧ್ಯಾಹ್ನ ಡಬ್ಬಿ ತೆರೆಯಲೇ ಇಲ್ಲ. ಬೈದರೂ ತಿಂತೀನಿ ಎಂದವಳು.

ಮಂಗಳವಾರ, ಮಾರ್ಚ್ 25

ಅಕ್ಷರ ಸೊಟ್ಟ ಬಂದರೆ ಬರಲಿ, ಇವತ್ತೇ ಬರೆಯಬೇಕು.

ಬೆಳಿಗ್ಗೆ ಡಾಕ್ಟರು ಹೆಡ್ ಮೇಡಮ್ಮನ್ನು ಕರೆದುಕೊಂಡೇ ಬಂದರು. ಮೇಡಂ ಬಾಯಿ ತೆರೆದರು. ಮುಂದೆ ಇಷ್ಟಗಲ ಸಂದಿ, ಬೀಡಿ ಸೇದಿದ ಬಣ್ಣ. "ನನ್ನ ಅವಸ್ಥೆ ಸ್ವಲ್ಪ ನೋಡಿ" ಎಂದರು. ಒಂದೊಂದು 'ಸ'ಕ್ಕೂ ಸುಂಯ್ ಎಂದು ಸಿಳ್ಳೆ. ಬೇರೆ ದಿನವಾಗಿದ್ದರೆ ನಗುತ್ತಿದ್ದೆ.

"ಯಾರು ಟೈಪ್ ಮಾಡಿದ್ದು?" ಎಂದರು ಡಾಕ್ಟರು.

ಹುಡುಗಿ ಎದ್ದು ನಿಂತಳು. ಅವಳು ಬಾಯಿ ತೆರೆಯುವ ಮೊದಲೇ ಮಗ ಕೈಮುಗಿದ: "ನನ್ನ ಹೆಂಡ್ತಿ ಡಾಕ್ಟ್ರೇ. ಹೊಸಬಳು, ಗೊತ್ತಾಗಲ್ಲ. ನಾಳೆಯಿಂದ ಅಲ್ಲಿ ಕೂರಲ್ಲ. ಅಮ್ಮನೇ ನೋಡ್ಕೋತಾರೆ."

ಗೆದ್ದೆ. ಮೂರು ವಾರದಿಂದ ಕಾದದ್ದು ಇದಕ್ಕೇ ಅಲ್ಲವೇ? ಸುಮ್ಮನೆ ಕೂತಿದ್ದರೆ ಮುಗಿದುಹೋಗುತ್ತಿತ್ತು. ಆ ಡಾಕ್ಟರ್ ಮನುಷ್ಯನ ಬಾಯಿಗೆ ಬೀಗ ಇರಬೇಕಿತ್ತು. ಅವಳ ಕಡೆ ತಿರುಗಿ, "ಮನೇಲಿ ಪಾತ್ರೆ ಕಮ್ಮಿ ಇದ್ವೇನಮ್ಮ ತಿಕ್ಕೋಕೆ? ಇಲ್ಯಾಕೆ ಬಂದೆ?" ಎಂದ.

ಅವಳ ಕಣ್ಣು ತುಂಬಿತು. ನನಗೆ ಮೈಯೆಲ್ಲ ಉರಿಯಿತು. ಇದೇ ಮಾತನ್ನು ಇವನಿಗಿಂತ ಹಿಂದಿನ ಒಬ್ಬ ಡಾಕ್ಟರು ನನಗೂ ಅಂದಿದ್ದ, ಆಗ ನನ್ನ ಪರ ಯಾರೂ ಉಸಿರೆತ್ತಲಿಲ್ಲ.

"ಡಾಕ್ಟ್ರೇ, ಟ್ರಯಲ್ ಬೇಡ ಅಂದಿದ್ದು ಯಾರು?" ಎಂದೆ.

"ಅಮ್ಮ, ನೀನು ಸುಮ್ನಿರು" ಎಂದ ಮಗ.

"ನೀನು ಸುಮ್ನಿರೋ! ಮೇಣದಲ್ಲಿ ಒಂದ್ಸಲ ಬಾಯಿಗಿಟ್ಟು ನೋಡಿದ್ರೆ ಅಲ್ಲೇ ಸಿಕ್ತಿತ್ತು. ಇವರಿಗೆ ಟೂರಿಗೆ ಹೊತ್ತಾಗಿತ್ತು. ಹೋಗಲಿ, ಸೆಟ್ಟು ಕೈಗೆ ಬಂದಾಗಲಾದರೂ ಕಣ್ಣು ಬಿಟ್ಟು ನೋಡಬೇಕಿತ್ತಲ್ಲ? ಸಂದಿ ಬೇಡ ಅಂತ ಬರೆದವರು ನೀವು, ಸಂದಿ ಇರೋ ಹಲ್ಲನ್ನ ಅವರ ಬಾಯಿಗೆ ತುರುಕಿದವರೂ ನೀವೇ. ನಮ್ಮ ಹುಡುಗಿ ಕೈ ತಪ್ಪಿರಬಹುದು, ನಿಮ್ಮ ಕಣ್ಣು ಎಲ್ಲಿ ಹೋಗಿತ್ತು?"

ಹೆಡ್ ಮೇಡಂ ಡಾಕ್ಟರ ಕಡೆ ತಿರುಗಿದರು. "ಟ್ರಯಲ್ ಬೇಡ ಅಂದಿದ್ದು ಅಂಗಡಿಯವರು ಅಂದ್ರಲ್ಲ ನೀವು? ಸುಳ್ಳಾ? ಸುಳ್ಳು ಹೇಳಿದ್ರಾ?" ಎರಡು ಸುಳ್ಳಿಗೂ ಎರಡು ಉದ್ದದ ಸಿಳ್ಳೆ. ಡಾಕ್ಟರ ಮುಖ ಕಪ್ಪಿಟ್ಟಿತು. "ಇನ್ಮೇಲೆ ನನ್ನ ಒಂದು ಹಲ್ಲೂ ಈ ಅಂಗಡಿಗೆ ಬರಲ್ಲ" ಎಂದು ಹೊರಟೇಹೋದರು. ಮೇಡಂ ಸೆಟ್ಟು ತೆಗೆದು ಮೇಜಿನ ಮೇಲಿಟ್ಟು, ಬೊಚ್ಚುಬಾಯಿಯಲ್ಲಿ ಅದೇನೋ ಅಂದು ಆಟೋ ಹತ್ತಿದರು. ಬೇರೆ ಮಾಡಿಕೊಡಿ ಎಂದಿರಬೇಕು.

ಮಗ ಆ ಸೆಟ್ಟನ್ನು ಎತ್ತಿ ಒಳಗಿಟ್ಟು ಬಂದ. ಆಮೇಲೆ ಅಂದ: "ಅರ್ಧ ಕೆಲಸ ಹೋಯ್ತು ನಿನ್ನ ಬಾಯಿಂದ. ತಪ್ಪು ಯಾರದ್ದಾದರೂ ಆಗಲಿ, ನಾನು ತಲೆ ತಗ್ಗಿಸಿ ಉಳಿಸ್ಕೋತಿದ್ದೆ. ಆ ಕುರ್ಚೀಲಿ ಯಾರು ಬೇಕಾದರೂ ಕೂರಲಿ, ನೀನು ಮಾತ್ರ ಬೇಡಮ್ಮ. ನಾಳೆಯಿಂದ ಬರಬೇಡ."

ನನ್ನ ಹೊಟ್ಟೆಯಲ್ಲಿ ಹುಟ್ಟಿದವನು ಅಂದ ಮಾತು ಇದು.

ಒಂದು ಬರೆದಿಡುತ್ತೇನೆ. ಸೊಸೆಯ ಪರ ವಹಿಸಿದೆ ಎಂದು ಯಾರೂ ತಿಳಿಯಬೇಕಾಗಿಲ್ಲ. ಆ ಮನುಷ್ಯನ ಮಾತು ನನಗೆ ಸೇರಲಿಲ್ಲ, ಅಷ್ಟೆ.

ಬುಧವಾರ, ಮಾರ್ಚ್ 26

ಮನೆ. ಆರಾಮು.

ಶುಕ್ರವಾರ, ಮಾರ್ಚ್ 28

ಎಲ್ಲ ಡಬ್ಬಿ ತೊಳೆದೆ. ತೊಳೆದವನ್ನೇ ಮತ್ತೆ ತೊಳೆದೆ. ಗಡಿಯಾರಕ್ಕೂ ಬೈದೆ.

ಮಗ ಮಾತಾಡುವುದಿಲ್ಲ. ನನಗೂ ಬೇಕಾಗಿಲ್ಲ. ಹುಡುಗಿ ಒಬ್ಬಳೇ ಅಷ್ಟೂ ಹೇಗೆ ನೋಡುತ್ತಾಳೋ. ಪ್ಲಾಸ್ಟರಿನವನು ಬಂದಿರುತ್ತಾನೆ ಇವತ್ತು, ತೂಕದಲ್ಲಿ ಮೋಸ ಮಾಡುವ ಕಳ್ಳ, ಅದನ್ನೂ ಅವಳಿಗೆ ಹೇಳಿಲ್ಲ. ಬೆಳಿಗ್ಗೆ ಅವಳು ಡಬ್ಬಿ ಮರೆತು ಹೊರಟಿದ್ದಳು, ಬಾಗಿಲ ತನಕ ಓಡಿ ಕೊಟ್ಟೆ. ಹಾಳಾಗುತ್ತಲ್ಲ ಅಂತ.

ಸೋಮವಾರ, ಮಾರ್ಚ್ 31

ಮಧ್ಯಾಹ್ನ ಬಾಗಿಲು ಬಡಿದ ಸದ್ದು. ಅವಳು. ಚಪ್ಪಲಿಯನ್ನೂ ಬಿಡದೆ ನೇರ ಅಡುಗೆಮನೆಗೆ ಬಂದು ನನ್ನೆದುರು ನಿಂತಳು.

"ಹೆಡ್ ಮೇಡಂ ಹೊಸ ಸೆಟ್ಟು ತಗೊಂಡು ಹೋದ್ರು. ಚೆನ್ನಾಗಿ ಕೂತಿದೆ" ಎಂದಳು. "ಇನ್ನೊಬ್ಬ ಡಾಕ್ಟರನ್ನ ಕಳಿಸ್ತೀನಿ ಅಂದ್ರು."

"ಅದನ್ನ ಹೇಳೋಕೆ ಬಿಸಿಲಲ್ಲಿ ಬಂದ್ಯಾ?"

"ಅಲ್ಲ. ಹಳೇ ಗಿರಾಕಿ ಒಬ್ಬರು ಬಂದಿದ್ರು, ಅವರದ್ದು ಹಾಕ್ತಿದ್ದೆ. ಮೇಲೆ ಬೇರೆ ಹೆಸರಿಗೆ ಹೋದಾಗ ನಿಮ್ಮ ಬೆರಳು ನೆನಪಾಯ್ತು ಅತ್ತೆ. ಮೇಲೆ ಕದಲಿದ ತಕ್ಷಣ ನೀವು ಗುಂಡಿ ಒತ್ತುತ್ತಿದ್ರಿ. ಪ್ರತಿ ಸಲ. ಮೊದಲನೇ ದಿನದಿಂದ ನೋಡಿದೀನಿ, ಕೈ ಚಾಳಿ ಅನ್ಕೊಂಡಿದ್ದೆ. ನಿಮಗೆ ಗೊತ್ತಿತ್ತು."

ಒಲೆಯ ಮೇಲಿದ್ದದ್ದು ಉಕ್ಕಿತು. ಆರಿಸಲು ಕೈ ಹೋಗಲಿಲ್ಲ. ಅವಳೇ ಆರಿಸಿದಳು.

"ಇವರಿಗೆ ಹೇಳಿಲ್ಲ. ಹೇಳೋದೂ ಇಲ್ಲ" ಎಂದಳು. ಅಳುತ್ತಿರಲಿಲ್ಲ, ಕಣ್ಣು ಕೆಂಡದ ಹಾಗಿತ್ತು. "ಇನ್ನೂ ಏನೇನು ಹೇಳದೆ ಇಟ್ಕೊಂಡಿದೀರಿ? ಅದನ್ನ ಹೇಳಿ. ನನಗೆ ಕೆಲಸ ಮಾಡ್ಬೇಕು."

ಎಷ್ಟು ಸೊಕ್ಕು! ಅತ್ತೆ ಎದುರು ನಿಂತು ಕೇಳುವ ರೀತಿಯೇ ಇದು? ಚಪ್ಪಲಿ ಬಿಟ್ಟು ಬಾ ಎಂದೆ. ಬಿಟ್ಟು ಬಂದಳು. ತಟ್ಟೆ ಇಟ್ಟೆ. ತಿನ್ನುತ್ತಾ ಒಂದು ಕೈಯಲ್ಲಿ ಬರೆದುಕೊಂಡಳು.

ಹೇಳಿದೆ. ಪ್ಲಾಸ್ಟರಿನವನ ಮೂಟೆಯನ್ನು ಅವನೆದುರೇ ತೂಗಿಸಬೇಕು ಎಂದೆ. ಡಾಕ್ಟರು ಬರೆದ ಬಣ್ಣಕ್ಕಿಂತ ಗಿರಾಕಿಯ ಮುಖದ ಚರ್ಮ ನೋಡಿ ಬಣ್ಣ ಹೇಳಬೇಕು, ಹೆಂಡತಿ ಜೊತೆಗೆ ಬಂದರೆ ಹಲ್ಲನ್ನು ಹೆಂಡತಿಗೆ ಮೊದಲು ತೋರಿಸಬೇಕು, ಅವಳು ತಲೆಯಾಡಿಸಿದರೆ ಅವನು ದೂರು ತರುವುದಿಲ್ಲ ಎಂದೆ. ಒಂದೇ ಹೆಸರಿನ ಅಣ್ಣ ತಮ್ಮಂದಿರಿಬ್ಬರಿದ್ದಾರೆ, ಅವರಲ್ಲಿ ಕಿವುಡ ಯಾರು ಎಂದೂ ಹೇಳಿದೆ. ನನ್ನ ಗಂಡ ನನಗೆ ಹೇಳಿಕೊಟ್ಟದ್ದು, ನಾನೇ ಏಟು ತಿಂದು ಕಲಿತದ್ದು, ಎಲ್ಲ. ಹೇಳುತ್ತಾ ಹೇಳುತ್ತಾ ಹೊಟ್ಟೆ ಉರಿಯುತ್ತಿತ್ತು, ಆದರೂ ನಿಲ್ಲಿಸಲಾಗಲಿಲ್ಲ. ನಡುನಡುವೆ, "ನಿಧಾನ ಅತ್ತೆ, ಬರೆಯೋಕಾಗ್ತಿಲ್ಲ" ಎಂದು ನನಗೇ ಗದರಿದಳು.

ತಟ್ಟೆ ತೊಳೆದಿಟ್ಟು ಚಪ್ಪಲಿ ಮೆಟ್ಟಿದಳು. ಬಾಗಿಲಲ್ಲಿ ತಿರುಗಿ ನಿಂತಳು.

"ಇದೆಲ್ಲ ಹೇಳ್ಕೊಟ್ರಿ ಅಂತ ಆ ಗುಂಡಿ ವಿಷಯ ಮುಚ್ಚಿಟ್ಟಿದ್ದನ್ನ ನಾನು ಮರೀತೀನಿ ಅನ್ಕೋಬೇಡಿ."

"ಮರೀಬೇಡ" ಎಂದೆ. "ಮರೆಯೋರು ಆ ಕುರ್ಚೀಲಿ ಕೂರೋಕಾಗಲ್ಲ."